ಹಸುರುಗಟ್ಟಿದ ನೀರೂ ಬೆಳಗಿನ ಜಾವದ ಮೀನಿನ ಸಾವೂ

ಕೆರೆ ಕುಂಟೆಗಳಲ್ಲಿ ಮೀನು ಸಾಕುವ ರೈತರಿಗೆ ಒದಗುವ ನಷ್ಟಗಳಲ್ಲೆಲ್ಲ ಅತ್ಯಂತ ಹಠಾತ್ತಾದುದು ಯಾವುದೆಂದರೆ, ಹಿಂದಿನ ಸಂಜೆ ಚೆನ್ನಾಗಿ ಮೇವು ತಿಂದು ಓಡಾಡುತ್ತಿದ್ದ ಮೀನುಗಳು ಮರುದಿನ ಸೂರ್ಯೋದಯದ ವೇಳೆಗೆ ಹೊಟ್ಟೆ ಮೇಲಾಗಿ ತೇಲುವುದು. ರೋಗದ ಚಿಹ್ನೆಯಿರುವುದಿಲ್ಲ, ಗಾಯವಿರುವುದಿಲ್ಲ. ಒಂದು ವರ್ಷದ ದುಡಿಮೆ ಒಂದು ರಾತ್ರಿಯಲ್ಲಿ ಹೋಗಿರುತ್ತದೆ. ಇಂತಹ ಸಮಯದಲ್ಲಿ ಯಾರೋ ನೀರಿಗೆ ವಿಷ ಹಾಕಿದರೆಂಬ ಸಂಶಯ ಹುಟ್ಟುವುದು ಸಹಜ.

ಕೆಲವು ವರ್ಷಗಳ ಹಿಂದೆ ಇಂತಹ ಒಂದು ಕುಂಟೆಯನ್ನು ನೋಡಲು ನಾನು ಹೋಗಬೇಕಾಗಿ ಬಂದಿತು. ಒಡೆಯನಾದ ರೈತನಿಗೂ ಪಕ್ಕದ ಜಮೀನಿನವರಿಗೂ ಬದುವಿನ ವಿಷಯದಲ್ಲಿ ಹಳೆಯ ಮನಸ್ತಾಪವಿದ್ದಿತು. ಆತನು ಪೋಲೀಸು ಠಾಣೆಗೆ ಹೊರಡಲು ಸಿದ್ಧನಾಗಿದ್ದನು. ಕುಂಟೆಯ ನೀರು ಬಟಾಣಿಯ ಬಣ್ಣಕ್ಕೆ ತಿರುಗಿತ್ತು. ಸತ್ತುವೆಲ್ಲ ಕಿಲೋಗ್ರಾಮಿಗೆ ಬಂದ ದೊಡ್ಡ ಕಾಟ್ಲಾ ಮೀನುಗಳು. ಸಣ್ಣ ಮರಿಗಳು ಇನ್ನೂ ಬದುಕಿದ್ದುವು. ಕೊರವ ಮೀನುಗಳಂತೂ ಏನೂ ಆಗದಂತೆ ಈಜಾಡುತ್ತಿದ್ದುವು. ಮೂರು ದಿನಗಳಿಂದ ಮೋಡ ಕವಿದು ಗಾಳಿಯೇ ಇರಲಿಲ್ಲ. ಅದಕ್ಕೆ ಒಂದು ವಾರ ಮೊದಲು ಎರಡು ಗಾಡಿ ಸಗಣಿಗೊಬ್ಬರವನ್ನು ಒಮ್ಮೆಗೇ ನೀರಿಗೆ ಸುರಿದಿದ್ದರು. ಇಷ್ಟು ತಿಳಿದ ಮೇಲೆ ವಿಷದ ಮಾತಿಗೆ ಅವಕಾಶವೇ ಉಳಿಯಲಿಲ್ಲ. ಆದರೆ ಕಾರಣವನ್ನು ಹೇಳಿದಾಗ ಆ ರೈತನು, "ಸ್ವಾಮಿ, ನೀರು ಹಸುರಾದರೆ ಮೀನಿಗೆ ಮೇವು ಹೆಚ್ಚುತ್ತದೆ, ಗೊಬ್ಬರ ಹಾಕು ಎಂದು ಹೋದ ವರ್ಷ ತಾವೇ ಹೇಳಿದ್ದಿರಲ್ಲ?" ಎಂದನು. ಆ ಮಾತು ನಿಜವಾಗಿದ್ದಿತು. ನಾನು ಹೇಳಿದ್ದು ಅರ್ಧ ಪಾಠ ಮಾತ್ರ. ಉಳಿದರ್ಧವನ್ನು ಇಲ್ಲಿ ಬರೆಯುತ್ತೇನೆ.

ನೀರಿನಲ್ಲಿರುವ ಪ್ರಾಣವಾಯು

ಮೀನುಗಳೂ ನಮ್ಮಂತೆಯೇ ಪ್ರಾಣವಾಯುವಿನಿಂದ, ಅಂದರೆ ಆಮ್ಲಜನಕದಿಂದ, ಬದುಕತಕ್ಕವು. ಭೇದವೇನೆಂದರೆ ನಾವು ಅದನ್ನು ಗಾಳಿಯಿಂದ ಪಡೆಯುತ್ತೇವೆ. ಅವು ನೀರಿನಲ್ಲಿ ಕರಗಿರುವುದನ್ನು ಕಿವಿರುಗಳ ಮೂಲಕ ಪಡೆಯುತ್ತವೆ. ಗಾಳಿಯಲ್ಲಿ ನೂರಕ್ಕೆ 21 ಪಾಲು ಪ್ರಾಣವಾಯುವಿದೆ. ನೀರಿನಲ್ಲಿ ಕರಗಬಲ್ಲ ಪ್ರಮಾಣವು ಬಹು ಸ್ವಲ್ಪ. ಹತ್ತು ಲಕ್ಷ ಪಾಲು ನೀರಿಗೆ ಇಷ್ಟು ಪಾಲು ಎಂದು ಅದನ್ನು ಎಣಿಸುವುದು ವಾಡಿಕೆ. ಲೀಟರಿಗೆ ಒಂದು ಮಿಲಿಗ್ರಾಂ ಎಂದರೂ ಅದೇ. ಮುಂದೆ ಬರಿಯ "ಪಾಲು" ಎಂದಿರುವಲ್ಲೆಲ್ಲ ಈ ಅಳತೆಯೆಂದೇ ತಿಳಿಯತಕ್ಕದ್ದು. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಂಟಿಗ್ರೇಡಿನ ಶುದ್ಧ ನೀರು ಗಾಳಿಯಿಂದ ಸುಮಾರು 9 ಪಾಲು ಪ್ರಾಣವಾಯುವನ್ನು ಹಿಡಿಯಬಲ್ಲುದು. 30 ಡಿಗ್ರಿಗೆ ಕಾದ ನೀರು ಸುಮಾರು 7½ ಪಾಲನ್ನು ಮಾತ್ರ. ಎತ್ತರವಾದ ನಮ್ಮ ಬಯಲುಸೀಮೆಯಲ್ಲಿ ಇನ್ನೂ ಸ್ವಲ್ಪ ಕಡಮೆ. ನೀರು ಕಾದಷ್ಟೂ ಮೀನಿಗೆ ಬೇಕಾಗುವ ಉಸಿರು ಹೆಚ್ಚುತ್ತದೆ, ಸಿಕ್ಕುವ ಉಸಿರು ಕುಗ್ಗುತ್ತದೆ ಎಂಬುದನ್ನು ಮರೆಯಬಾರದು.

ಕಾಟ್ಲಾ, ರೋಹು, ಮೃಗಾಲ ಮುಂತಾದ ಗೆಂಡೆ ಜಾತಿಯ ಮೀನುಗಳು ಚೆನ್ನಾಗಿ ಬೆಳೆಯಬೇಕಾದರೆ 5 ಪಾಲಿಗೆ ಕಡಮೆಯಿಲ್ಲದಷ್ಟು ಪ್ರಾಣವಾಯುವಿರಬೇಕು. 3 ಪಾಲಿಗಿಂತ ಕೆಳಗೆ ಅವು ಮೇವು ಬಿಡುತ್ತವೆ. ಇನ್ನೂ ಇಳಿದರೆ ಮೇಲಕ್ಕೆ ಬಂದು ಬಾಯ್ದೆರೆದು ಒದ್ದಾಡುತ್ತವೆ. 1 ಪಾಲಿಗಿಂತ ಕೆಳಗೆ ಕೆಲವು ಗಂಟೆ ನಿಂತರೆ ಸಾಯುತ್ತವೆ.

ಪಾಚಿಯ ಹಗಲಿನ ಕೆಲಸ, ರಾತ್ರಿಯ ಕೆಲಸ

ಕುಂಟೆಯ ನೀರಿಗೆ ಹಸುರು ಬಣ್ಣ ಬರುವುದು ಅದರಲ್ಲಿ ತೇಲಾಡುವ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳಿಂದ. ಸಗಣಿ, ರಸಗೊಬ್ಬರ, ಮಿಕ್ಕ ಮೇವು, ಹೊಲದಿಂದ ಹರಿದುಬಂದ ಗೋಡು, ಚರಂಡಿಯ ನೀರು ಇವುಗಳೊಡನೆ ಬರುವ ಸಾರಜನಕ ಮತ್ತು ರಂಜಕಗಳೇ ಅವುಗಳ ಆಹಾರ. ಆಹಾರವೂ ಬಿಸಿಲೂ ಕೂಡಿದಾಗ ಅವು ಕೆಲವೇ ದಿನಗಳಲ್ಲಿ ಅಸಂಖ್ಯಾತವಾಗಿ ಹೆಚ್ಚಿ ನೀರನ್ನೆಲ್ಲ ಆವರಿಸುತ್ತವೆ.

ಗಿಡಮರಗಳಂತೆ ಈ ಪಾಚಿಗಳೂ ಬಿಸಿಲಿನಲ್ಲಿ ಇಂಗಾಲಾಮ್ಲವಾಯುವನ್ನು ಹೀರಿ ಪ್ರಾಣವಾಯುವನ್ನು ಹೊರಬಿಡುತ್ತವೆ. ಆದರೆ ಈ ಕೆಲಸ ಬೆಳಕಿರುವವರೆಗೆ ಮಾತ್ರ. ಹಸುರು ಸಸ್ಯಗಳು ಬೆಳಕಿನಲ್ಲಿ ಗಾಳಿಯನ್ನು ಶುದ್ಧಿಮಾಡುವುವೆಂದೂ ಕತ್ತಲೆಯಲ್ಲಿ ಪ್ರಾಣಿಗಳಂತೆ ಅದನ್ನು ಕೆಡಿಸುವುವೆಂದೂ ಹಾಲೆಂಡಿನ ವೈದ್ಯ ಯಾನ್ ಇಂಗೆನ್‌ಹೌಸ್ ಎಂಬವನು 1779ರಲ್ಲಿಯೇ ತೋರಿಸಿಕೊಟ್ಟನು. ಉಸಿರಾಟವಾದರೋ ಹಗಲೂ ರಾತ್ರಿಯೂ ನಡೆಯತಕ್ಕದ್ದು. ಹಗಲಿನಲ್ಲಿ ಉತ್ಪತ್ತಿಯು ವೆಚ್ಚವನ್ನು ಮೀರುತ್ತದೆ. ಸೂರ್ಯ ಮುಳುಗಿದ ಕೂಡಲೆ ಉತ್ಪತ್ತಿ ನಿಂತು ವೆಚ್ಚ ಮಾತ್ರ ಉಳಿಯುತ್ತದೆ.

ಆದಕಾರಣ ಹಸುರು ಕುಂಟೆಯ ಪ್ರಾಣವಾಯು ದಿನಕ್ಕೊಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಮಧ್ಯಾಹ್ನ ಮೂರು ನಾಲ್ಕು ಗಂಟೆಯ ಹೊತ್ತಿಗೆ ಅದು ಅತ್ಯಧಿಕವಾಗಿದ್ದು ಕೆಲವು ಸಾರಿ 15 ಪಾಲನ್ನೂ ಮುಟ್ಟುವುದುಂಟು. ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಅತ್ಯಲ್ಪವಾಗಿರುತ್ತದೆ. ಹಗಲು ಹತ್ತು ಗಂಟೆಯ ಮೇಲೆ ಬಂದು ನೀರನ್ನು ಪರೀಕ್ಷಿಸುವ ಅಧಿಕಾರಿಗೆ ಕುಂಟೆ ಬಹಳ ಚೆನ್ನಾಗಿರುವಂತೆ ಕಾಣುವುದು ಇದರಿಂದಲೇ. ಹಸುರು ಅತಿಯಾದಷ್ಟೂ ಮಧ್ಯಾಹ್ನದ ಏರಿಕೆಯೂ ಹೆಚ್ಚು, ಬೆಳಗಿನ ಜಾವದ ಇಳಿತವೂ ಹೆಚ್ಚು.

ಒಂದು ರಾತ್ರಿಯ ಲೆಕ್ಕ

ಉದಾಹರಣೆಗೆ ಒಂದು ಎಕರೆ ವಿಸ್ತಾರವೂ ಒಂದೂವರೆ ಮೀಟರು ಆಳವೂ ಉಳ್ಳ ಕುಂಟೆಯನ್ನು ತೆಗೆದುಕೊಳ್ಳೋಣ. ಇದರಲ್ಲಿ ಸುಮಾರು 60 ಲಕ್ಷ ಲೀಟರು ನೀರಿರುತ್ತದೆ. ಮೀನಿನ ಒಟ್ಟು ತೂಕ ಒಂದು ಸಾವಿರ ಕಿಲೋಗ್ರಾಂ ಎಂದೂ, ನೀರು ಬಹಳ ಹಸುರಾಗಿರುವುದೆಂದೂ ಇಟ್ಟುಕೊಳ್ಳೋಣ. ಬಿಸಿಲು ಚೆನ್ನಾಗಿದ್ದ ದಿನ ಸಂಜೆ ಆರು ಗಂಟೆಗೆ 12 ಪಾಲು ಪ್ರಾಣವಾಯುವಿದೆ. ಹನ್ನೆರಡು ಗಂಟೆಗಳ ರಾತ್ರಿಯಲ್ಲಿ ವೆಚ್ಚವು ಸುಮಾರಾಗಿ ಹೀಗಿರಬಹುದು: ಪಾಚಿಗಳೂ ನೀರಿನಲ್ಲಿ ತೇಲುವ ಇತರ ಸೂಕ್ಷ್ಮಜೀವಿಗಳೂ ಉಸಿರಾಡುವುದಕ್ಕೆ 7 ಪಾಲು, ತಳದ ಕೆಸರು ಕೊಳೆಯುವುದಕ್ಕೆ 1½ ಪಾಲು, ಮೀನುಗಳಿಗೆ, ಕಿಲೋಗ್ರಾಂ ಮೀನು ಗಂಟೆಗೆ 300 ಮಿಲಿಗ್ರಾಂ ಉಪಯೋಗಿಸುವುದೆಂದು ಹಿಡಿದರೆ, ಅರ್ಧ ಪಾಲಿಗಿಂತ ಸ್ವಲ್ಪ ಹೆಚ್ಚು. ಒಟ್ಟು 9 ಪಾಲು. ಬೆಳಗಾಗುವಾಗ ಉಳಿದದ್ದು 3 ಪಾಲು. ಮೀನು ಬದುಕಿತು.

ಈಗ ಮೋಡದ ದಿನದ ಲೆಕ್ಕ. ಬಿಸಿಲಿಲ್ಲದೆ ಸಂಜೆಗೆ 8 ಪಾಲು ಮಾತ್ರ ಕೂಡಿತು. ರಾತ್ರಿಯ ವೆಚ್ಚ ಅದೇ 9 ಪಾಲು. ಬೆಳಗಿನ ಜಾವ ಮೂರು ಗಂಟೆಗೆ ಉಳಿದಿರುವುದು ಹೆಚ್ಚು ಕಡಮೆ 1 ಪಾಲು. ಬೆಳಕಾಗಲು ಇನ್ನೂ ಮೂರು ಗಂಟೆಯಿದೆ. ಗಾಳಿಯಿದ್ದರೆ ಮೇಲ್ಮೈಯಿಂದ ಸ್ವಲ್ಪ ಪ್ರಾಣವಾಯು ಕರಗಿ ಕೆಲವು ಮೀನುಗಳನ್ನು ಉಳಿಸಬಹುದು. ನೀರು ಅಲುಗಾಡದೆ ನಿಂತಿದ್ದರೆ ಆ ಸಹಾಯವೂ ಅತ್ಯಲ್ಪ.

ಈ ಲೆಕ್ಕದಿಂದ ಮುಖ್ಯವಾಗಿ ಗ್ರಹಿಸತಕ್ಕದ್ದು ಇದು: ರಾತ್ರಿಯಲ್ಲಿ ಪ್ರಾಣವಾಯುವನ್ನು ಬರಿದುಮಾಡುವವು ಮೀನುಗಳಲ್ಲ, ಪಾಚಿಗಳು. ಮೀನಿನ ಪಾಲು ಒಟ್ಟು ವೆಚ್ಚದಲ್ಲಿ ಹದಿನೈದರಲ್ಲಿ ಒಂದು ಪಾಲು ಮಾತ್ರ. ಆದುದರಿಂದ ಕುಂಟೆಯಲ್ಲಿ ಮೀನಿನೊಡನೆ ಪಾಚಿಯನ್ನೂ ಸಾಕುತ್ತಿದ್ದೇವೆಂದು ತಿಳಿದು, ಎರಡಕ್ಕೂ ಉಸಿರಿನ ಅನುಕೂಲವಿದೆಯೇ ಎಂದು ಯೋಚಿಸಬೇಕು.

ಅಪಾಯದ ಕಾಲಗಳು

ಮೊದಲನೆಯದು, ಎರಡು ಮೂರು ದಿನ ಬಿಡದೆ ಮೋಡ ಕವಿದಿರುವ ಕಾಲ.

ಎರಡನೆಯದು, ಬೇಸಿಗೆಯ ಕೊನೆಯ ಗುಡುಗುಮಳೆ. ಬಿಸಿಲಿನ ದಿನಗಳಲ್ಲಿ ಮೇಲಿನ ನೀರು ಕಾದು ಹಗುರವಾಗಿ ಮೇಲೆಯೇ ನಿಲ್ಲುತ್ತದೆ. ಪಾಚಿಯ ಪರದೆಯಿಂದ ಬೆಳಕು ಕೆಳಗಿಳಿಯದೆ ತಳದ ನೀರಿನಲ್ಲಿ ಪ್ರಾಣವಾಯು ಮುಗಿದುಹೋಗಿರುತ್ತದೆ. ತಣ್ಣನೆಯ ಮಳೆನೀರು ಬಿದ್ದು ತಳಕ್ಕಿಳಿದಾಗ ಕೆಳಗಿನ ಕೆಟ್ಟ ನೀರು ಮೇಲಕ್ಕೆ ಬಂದು ಎಲ್ಲದರೊಡನೆ ಬೆರೆಯುತ್ತದೆ. ಮಳೆ ಬಂತೆಂದು ಸಂತೋಷಪಟ್ಟ ರಾತ್ರಿಯೇ ಮೀನು ಸಾಯುವುದು ಹೀಗೆ.

ಮೂರನೆಯದು, ಬೇಸಿಗೆಯಲ್ಲಿ ನೀರು ಇಳಿದು, ಇದ್ದ ಮೀನೂ ಪಾಚಿಯೂ ಸ್ವಲ್ಪ ನೀರಿನಲ್ಲಿ ಒತ್ತಾಗಿ ಸೇರಿದ ಕಾಲ.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣವಾದುದು; ಪಾಚಿಯು ಒಮ್ಮೆಗೇ ಸಾಯುವ ಕಾಲ. ಆಹಾರ ಮುಗಿದೋ, ಹವೆ ಬದಲಾಯಿಸಿಯೋ, ಔಷಧ ಹಾಕಿದ್ದರಿಂದಲೋ ಇದು ಸಂಭವಿಸುತ್ತದೆ. ಹಸುರಾಗಿದ್ದ ನೀರು ಒಂದೆರಡು ದಿನಗಳಲ್ಲಿ ಹಳದಿ ಅಥವಾ ಕಂದುಬಣ್ಣಕ್ಕೆ ತಿರುಗಿ ದುರ್ವಾಸನೆ ಬೀರುತ್ತದೆ. ಆಗ ಪ್ರಾಣವಾಯುವನ್ನು ಉಂಟುಮಾಡುವ ಪಾಚಿಯೂ ಇಲ್ಲ. ಸತ್ತ ಪಾಚಿಯನ್ನು ಕೊಳೆಯಿಸುವ ಸೂಕ್ಷ್ಮಾಣುಗಳು ಇದ್ದುದನ್ನೂ ಹೀರುತ್ತವೆ. ಒಂದು ಗ್ರಾಂ ರಂಜಕದಿಂದ ಒಣಗಿದ ತೂಕದಲ್ಲಿ ಸುಮಾರು 100 ಗ್ರಾಂ ಪಾಚಿ ಬೆಳೆಯಬಲ್ಲುದೆಂದೂ, ಅಷ್ಟು ಪಾಚಿ ಕೊಳೆಯಲು ಸುಮಾರು 140 ಗ್ರಾಂ ಪ್ರಾಣವಾಯು ಬೇಕೆಂದೂ ಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಅದು ಹದಿನೆಂಟು ಸಾವಿರ ಲೀಟರಿಗೂ ಹೆಚ್ಚು ಬೆಚ್ಚನೆಯ ನೀರಿನಲ್ಲಿರುವ ಪ್ರಾಣವಾಯುವಿಗೆ ಸಮ. ಒಂದು ಚಿಟಿಕೆ ರಂಜಕದ ಪರಿಣಾಮ ಇಷ್ಟಾದರೆ, ಗೊಬ್ಬರವನ್ನು ಗಾಡಿಗಟ್ಟಲೆ ಸುರಿಯುವುದರ ಪರಿಣಾಮವನ್ನು ಊಹಿಸಿಕೊಳ್ಳಬಹುದು.

ಪಟ್ಟಣದ ಹೊಲಸು ನೀರು ಸೇರುವ ಕೆರೆಗಳಲ್ಲಿ ಈ ಅಪಾಯ ವರ್ಷವಿಡೀ ಇರುತ್ತದೆ. 2016ನೆಯ ಇಸವಿ ಮಾರ್ಚಿ ತಿಂಗಳಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುದನ್ನು ಅನೇಕ ವಾಚಕರು ಬಲ್ಲರು; ನೀರಿನಲ್ಲಿ ಪ್ರಾಣವಾಯು ಕುಗ್ಗಿದುದೇ ಅದಕ್ಕೆ ಕಾರಣವೆಂದು ಆಗ ಹೇಳಲಾಯಿತು.

ವಿಷವೋ, ಉಸಿರಿನ ಕೊರತೆಯೋ?

ನೆರೆಹೊರೆಯವರ ಮೇಲೆ ದೂರು ಹೊರಿಸುವುದಕ್ಕೆ ಮುಂಚೆ ಈ ಕೆಳಗಿನ ಗುರುತುಗಳನ್ನು ನೋಡತಕ್ಕದ್ದು.

ಉಸಿರಿನ ಕೊರತೆಯಿಂದ ಆಗುವ ಸಾವು ಸಾಮಾನ್ಯವಾಗಿ ನಡುರಾತ್ರಿಯ ಮೇಲೆ, ಸೂರ್ಯೋದಯದೊಳಗೆ ಆಗುತ್ತದೆ. ವಿಷದ ಸಾವಿಗೆ ಹೊತ್ತಿಲ್ಲ. ಉಸಿರಿನ ಕೊರತೆಯಲ್ಲಿ ದೊಡ್ಡ ಮೀನುಗಳು ಮೊದಲು ಸಾಯುತ್ತವೆ. ವಿಷವಾದರೆ ಸಣ್ಣ ಮರಿಗಳೂ ಸೀಗಡಿಗಳೂ ನೀರಿನ ಹುಳುಗಳೂ ಮೊದಲೇ ಸಾಯುವುದು ಹೆಚ್ಚು. ಕೊರವ, ಮಾಗೂರು ಮುಂತಾದ ಮೀನುಗಳು ಮೇಲಿನ ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲವಾದ್ದರಿಂದ ಉಸಿರಿನ ಕೊರತೆಯಲ್ಲಿ ಬದುಕಿರುತ್ತವೆ. ವಿಷವು ಅವನ್ನೂ ಬಿಡುವುದಿಲ್ಲ. ಉಸಿರಿನ ಕೊರತೆಯಲ್ಲಿ ಮೀನುಗಳು ಸಾಯುವ ಮುನ್ನ ಗುಂಪುಗುಂಪಾಗಿ ಮೇಲೆ ಬಂದು ಬಾಯ್ದೆರೆಯುತ್ತವೆ, ಹೊಸನೀರು ಬೀಳುವ ತೂಬಿನ ಬಳಿ ಸೇರುತ್ತವೆ. ಬಸವನಹುಳುಗಳು ನೀರು ಬಿಟ್ಟು ದಡದ ಕಲ್ಲುಗಳನ್ನು ಏರುವುದೂ ಉಂಟು. ವಿಷದಲ್ಲಿ ಅಡ್ಡಾದಿಡ್ಡಿ ನುಗ್ಗುವುದು, ಸುತ್ತುವುದು, ನಡುಗುವುದು ಕಾಣಬಹುದು.

ಇಷ್ಟಾದ ಮೇಲೂ ಸಂಶಯವುಳಿದರೆ ನೀರನ್ನೂ ಸಾಯುತ್ತಿರುವ ಮೀನನ್ನೂ ಕೂಡಲೆ ಪರೀಕ್ಷೆಗೆ ಕಳುಹಿಸಬೇಕು. ನೀರಿನ ಪ್ರಾಣವಾಯುವನ್ನು ಅಳೆಯಲು ಹಂಗೇರಿಯ ಲಾಯೊಶ್ ವಿಂಕ್ಲರ್ ಎಂಬ ರಸಾಯನ ಶಾಸ್ತ್ರಜ್ಞನು 1888ರಲ್ಲಿ ಪ್ರಕಟಿಸಿದ ಕ್ರಮ ಈಗಲೂ ನಂಬಿಕೆಗೆ ಅರ್ಹವಾದುದು. ವಿದ್ಯುತ್ತಿನ ಮಾಪಕಗಳೂ ಈಗ ದೊರೆಯುತ್ತವೆ. ಆದರೆ ಪರೀಕ್ಷೆ ಬೆಳಗಿನ ಜಾವದಲ್ಲಿ, ಕುಂಟೆಯ ದಡದಲ್ಲಿಯೇ ನಡೆಯಬೇಕು. ಸೀಸೆಯಲ್ಲಿ ತುಂಬಿ ಮಧ್ಯಾಹ್ನ ಪಟ್ಟಣಕ್ಕೆ ಒಯ್ದ ನೀರು ರಾತ್ರಿಯ ಸುದ್ದಿಯನ್ನು ಹೇಳಲಾರದು.

ಇನ್ನೊಂದು ಎಚ್ಚರಿಕೆ. ಎಲ್ಲ ಪಾಚಿಗಳೂ ನಿರಪಾಯವಲ್ಲ. ಹಸುರು ಬಣ್ಣ ಚೆಲ್ಲಿದಂತೆ ಗಾಳಿ ಬೀಸುವ ಕಡೆಯ ದಡದಲ್ಲಿ ಕೆನೆಗಟ್ಟುವ ಮೈಕ್ರೊಸಿಸ್ಟಿಸ್ ಮುಂತಾದ ನೀಲಿಹಸುರು ಪಾಚಿಗಳಲ್ಲಿ ಕೆಲವು ನಿಜವಾಗಿಯೂ ವಿಷವನ್ನು ಉಂಟುಮಾಡುತ್ತವೆ. ಆಸ್ಟ್ರೇಲಿಯಾದ ಒಂದು ಸರೋವರದ ಇಂತಹ ಕೆನೆಯನ್ನು ಕುಡಿದು ದನಕುರಿಗಳು ಸತ್ತುದನ್ನು ಜಾರ್ಜ್ ಫ್ರಾನ್ಸಿಸ್ ಎಂಬವನು 1878ರಲ್ಲಿಯೇ ವರದಿ ಮಾಡಿದನು. ಆದುದರಿಂದ ಕೆನೆಗಟ್ಟಿದ ನೀರನ್ನು ದನಕರುಗಳಿಗೆ ಕುಡಿಸಕೂಡದು.

ಹಸುರನ್ನು ಅಳೆಯುವ ಬಗೆ

ಇಟಲಿಯ ಖಗೋಳಜ್ಞನೂ ಪಾದ್ರಿಯೂ ಆದ ಆಂಜೆಲೊ ಸೆಕ್ಕಿ ಎಂಬವನು 1865ರಲ್ಲಿ ಬಿಳಿಯ ತಟ್ಟೆಯನ್ನು ಸಮುದ್ರಕ್ಕೆ ಇಳಿಬಿಟ್ಟು, ಅದು ಮರೆಯಾಗುವ ಆಳದಿಂದ ನೀರಿನ ತಿಳಿಯನ್ನು ಅಳೆದನು. ನಮ್ಮ ರೈತರೂ 20 ಸೆಂಟಿಮೀಟರು ಅಗಲದ ದುಂಡು ತಗಡಿಗೆ ಕಪ್ಪು ಬಿಳುಪು ಬಣ್ಣ ಬಳಿದು, ಕೆಳಗೆ ಕಲ್ಲು ಕಟ್ಟಿ, ಹಗ್ಗದಿಂದ ಇಳಿಬಿಟ್ಟು ನೋಡಬಹುದು. ಅದೂ ಇಲ್ಲದಿದ್ದರೆ ಸ್ವಂತ ತೋಳೇ ಸಾಕು. ಹಗಲು ಬಿಸಿಲಿನಲ್ಲಿ ದಡದಿಂದ ಸ್ವಲ್ಪ ಒಳಗೆ ನಿಂತು ಅಂಗೈಯನ್ನು ಮೆಲ್ಲನೆ ನೀರಿಗೆ ಇಳಿಸುವುದು. ಒಂದು ಮೊಳ ಇಳಿಸಿದರೂ ಅಂಗೈ ಸ್ಪಷ್ಟವಾಗಿ ಕಂಡರೆ ನೀರಿನಲ್ಲಿ ಮೇವು ಕಡಮೆ, ಗೊಬ್ಬರ ಹಾಕಬಹುದು. ಗೇಣಿಗೂ ಮೊಳಕ್ಕೂ ನಡುವೆ ಮರೆಯಾದರೆ ಹದವಾಗಿದೆ. ಒಂದು ಗೇಣಿನೊಳಗೇ ಮರೆಯಾದರೆ ಪಾಚಿ ಅತಿಯಾಗಿದೆ, ಗೊಬ್ಬರವನ್ನು ನಿಲ್ಲಿಸತಕ್ಕದ್ದು. ಕೆಂಪು ಮಣ್ಣಿನ ಗೋಡಿನಿಂದ ಕದಡಿದ ನೀರಿಗೆ ಈ ಪರೀಕ್ಷೆ ಸಲ್ಲದು.

ಮುಂಜಾಗ್ರತೆ

ಗೊಬ್ಬರವನ್ನು ಒಮ್ಮೆಗೇ ಸುರಿಯದೆ ಸಣ್ಣ ಸಣ್ಣ ಕಂತುಗಳಲ್ಲಿ, ಪ್ರತಿಸಾರಿಯೂ ಅಂಗೈ ಪರೀಕ್ಷೆ ಮಾಡಿಕೊಂಡು ಹಾಕುವುದು. ಮೋಡದ ದಿನಗಳಲ್ಲಿ ಗೊಬ್ಬರವನ್ನು ಹಾಕಲೇಬಾರದು. ಮೇವನ್ನೂ ಅರ್ಧಕ್ಕೆ ಇಳಿಸುವುದು ಅಥವಾ ನಿಲ್ಲಿಸುವುದು. ಒಂದೆರಡು ದಿನ ಮೇವಿಲ್ಲದೆ ಮೀನು ಸಾಯುವುದಿಲ್ಲ. ಒಂದು ಗಂಟೆ ಉಸಿರಿಲ್ಲದೆ ಸಾಯುತ್ತದೆ. ಬೆಳೆದ ಮೀನನ್ನು ಬೇಸಿಗೆಯ ಕೊನೆಯವರೆಗೆ ಇಟ್ಟುಕೊಳ್ಳದೆ, ನೀರು ಇಳಿಯತೊಡಗಿದಾಗಲೇ ಸ್ವಲ್ಪ ಭಾಗವನ್ನು ಹಿಡಿದು ಮಾರುವುದು. ಕುಂಟೆ ಒಣಗಿದ ವರ್ಷ ತಳದ ಕಪ್ಪು ಕೆಸರನ್ನು ತೆಗೆದು ಹೊಲಕ್ಕೆ ಹೊಡೆಯುವುದು. ಹೊಲಕ್ಕೆ ಅದು ಒಳ್ಳೆಯ ಗೊಬ್ಬರ, ಕುಂಟೆಗೆ ಅದು ಸಾಲಗಾರ. ನೀರನ್ನು ಬದಲಾಯಿಸುವಾಗ ಮೇಲಿನ ನೀರನ್ನು ಬಿಡದೆ ತಳದ ನೀರನ್ನು ಹೊರಗೆ ಬಿಡುವುದು.

ಮೈಲುತುತ್ತದಿಂದ ಪಾಚಿಯನ್ನು ಕೊಲ್ಲಬಹುದೆಂದು ಕೆಲವರು ಹೇಳುತ್ತಾರೆ. ಕೊಲ್ಲುವುದೇನೋ ನಿಜ. ಆದರೆ ಪಾಚಿ ಒಮ್ಮೆಗೇ ಸತ್ತರೆ ಆಗುವುದೇನೆಂದು ಮೇಲೆ ಹೇಳಿದೆ. ಅಲ್ಲದೆ ಪ್ರಮಾಣ ತಪ್ಪಿದರೆ ಮೈಲುತುತ್ತವೇ ಮೀನಿಗೆ ವಿಷ. ಮೀನಿರುವ ಕುಂಟೆಯಲ್ಲಿ ರೈತರು ತಾವಾಗಿ ಈ ಕೆಲಸಕ್ಕೆ ಕೈಹಾಕಬಾರದು.

ಮೀನು ಬಾಯ್ದೆರೆದಾಗ ಮಾಡತಕ್ಕದ್ದು

ಅಪಾಯದ ಕಾಲದಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ಎದ್ದು ದೀಪ ಹಿಡಿದು ಕುಂಟೆಯನ್ನು ನೋಡಬೇಕು. ಮೀನುಗಳು ಮೇಲೆ ಬಂದಿದ್ದರೆ ತಡಮಾಡದೆ ಪಂಪುಸೆಟ್ಟನ್ನು ನಡೆಯಿಸಿ, ಕುಂಟೆಯ ಮೇಲ್ಭಾಗದ ನೀರನ್ನೇ ಎತ್ತಿ, ಹಲಗೆಯ ಮೇಲೆ ಅಥವಾ ರಂಧ್ರಗಳುಳ್ಳ ಕೊಳವೆಯ ಮೂಲಕ ತುಂತುರಾಗಿ ಮತ್ತೆ ಕುಂಟೆಗೇ ಬೀಳಿಸಬೇಕು. ಹನಿಹನಿಯಾಗಿ ಬಿದ್ದಷ್ಟೂ ನೀರು ಗಾಳಿಯಿಂದ ಪ್ರಾಣವಾಯುವನ್ನು ಹೆಚ್ಚಾಗಿ ಹೀರುತ್ತದೆ. ಕೊಳವೆ ಬಾವಿಯ ನೀರಿನಲ್ಲಿ ಪ್ರಾಣವಾಯು ಸಾಧಾರಣವಾಗಿ ಬಹು ಸ್ವಲ್ಪ; ಅದನ್ನೂ ಎತ್ತರದಿಂದ ಸಿಡಿಸಿಯೇ ಬಿಡಬೇಕು. ತಳದ ಕೆಸರನ್ನು ಮಾತ್ರ ಎಂದಿಗೂ ಕದಡಬಾರದು. ಆದುದರಿಂದ ನೀರಿಗಿಳಿದು ತುಳಿದಾಡುವುದು, ಬಲೆ ಎಳೆಯುವುದು ಆ ಹೊತ್ತಿನಲ್ಲಿ ಹಾನಿಕರ.

ನೀರನ್ನು ಚಿಮ್ಮಿಸುವ ಚಕ್ರದ ಯಂತ್ರವಿದ್ದವರು ಮೀನು ಮೇಲೆ ಬರುವವರೆಗೆ ಕಾಯದೆ, ಮೋಡದ ದಿನಗಳಲ್ಲಿ ನಡುರಾತ್ರಿಯಿಂದಲೇ ಅದನ್ನು ನಡೆಯಿಸುವುದು ಮೇಲು. ಒಂದು ಅಶ್ವಶಕ್ತಿಯ ಯಂತ್ರವು ಇಂತಹ ನೀರಿಗೆ ಗಂಟೆಗೆ ಸುಮಾರು ಒಂದು ಕಿಲೋಗ್ರಾಂ ಪ್ರಾಣವಾಯುವನ್ನು ಸೇರಿಸಬಲ್ಲುದು. ಮೇಲೆ ಹೇಳಿದ ಒಂದು ಎಕರೆಯ ಕುಂಟೆಗೆ ಆರು ಗಂಟೆಯಲ್ಲಿ ಅದು 1 ಪಾಲು ಮಾತ್ರ. ಆದರೆ ಸಾವಿಗೂ ಬದುಕಿಗೂ ಇರುವ ಅಂತರ ಅನೇಕ ಸಾರಿ ಆ ಒಂದು ಪಾಲೇ. ಅಲ್ಲದೆ ಯಂತ್ರವಿರುವ ಮೂಲೆಯಲ್ಲಿ ನೀರು ಹೆಚ್ಚು ಚೆನ್ನಾಗಿರುವುದರಿಂದ ಮೀನುಗಳು ಅಲ್ಲಿಗೆ ಬಂದು ಸೇರಿ ಬದುಕಿಕೊಳ್ಳುತ್ತವೆ. ಸುಣ್ಣವಾಗಲಿ ಪರ್ಮಾಂಗನೇಟಾಗಲಿ ನೀರಿಗೆ ಪ್ರಾಣವಾಯುವನ್ನು ಕೊಡುವುದಿಲ್ಲವೆಂಬುದನ್ನು ನೆನಪಿಡತಕ್ಕದ್ದು.

ಬೆಳಕಾಗಿ ಮೀನುಗಳು ಕೆಳಕ್ಕಿಳಿದುವೆಂದು ಅಂದಿಗೆ ಸುಮ್ಮನಾಗಬಾರದು. ಕಾರಣ ಇದ್ದಂತೆಯೇ ಇದೆ; ಮರುರಾತ್ರಿ ಮತ್ತೆ ಬರುತ್ತದೆ. ಸತ್ತ ಮೀನುಗಳನ್ನು ಕೂಡಲೆ ತೆಗೆದು ಹೂಳಬೇಕು. ನೀರಿನಲ್ಲಿ ಬಿಟ್ಟರೆ ಅವು ಕೊಳೆತು ಉಳಿದ ಮೀನುಗಳ ಉಸಿರನ್ನೂ ಕಸಿದುಕೊಳ್ಳುತ್ತವೆ.

ಸಾರಾಂಶ

1. ನೀರು ಹದವಾಗಿ ಹಸುರಾದರೆ ಮೀನಿಗೆ ಮೇವು. ಅತಿಯಾಗಿ ಹಸುರಾದರೆ ರಾತ್ರಿಯಲ್ಲಿ ಉಸಿರಿಗೆ ಕುತ್ತು.

2. ಅಂಗೈ ಒಂದು ಗೇಣಿನೊಳಗೆ ಮರೆಯಾದರೆ ಗೊಬ್ಬರವನ್ನು ನಿಲ್ಲಿಸಿರಿ.

3. ಮೋಡದ ದಿನಗಳಲ್ಲಿ ಗೊಬ್ಬರ ಬೇಡ, ಮೇವು ಕಡಮೆ ಇರಲಿ, ಬೆಳಗಿನ ಜಾವ ಕಾವಲಿರಲಿ.

4. ಮೀನು ಬಾಯ್ದೆರೆದರೆ ನೀರನ್ನು ಗಾಳಿಯಲ್ಲಿ ತುಂತುರಾಗಿ ಬೀಳಿಸಿರಿ, ಕೆಸರನ್ನು ಕದಡಬೇಡಿರಿ.

5. ದೊಡ್ಡ ಮೀನು ಸತ್ತು ಕೊರವ ಬದುಕಿದ್ದರೆ ವಿಷದ ಮಾತೆತ್ತುವ ಮುನ್ನ ಎರಡು ಸಾರಿ ಯೋಚಿಸಿರಿ.

ಮೇಲೆ ಹೇಳಿದ ರೈತನು ಆ ದಿನ ಠಾಣೆಗೆ ಹೋಗಲಿಲ್ಲ. ಮರುರಾತ್ರಿ ಉಳಿದ ಮೀನನ್ನು ಉಳಿಸಿಕೊಳ್ಳಲು ಅವನಿಗೆ ಎರಡನೆಯ ಪಂಪುಸೆಟ್ಟು ಬೇಕಾಗಿತ್ತು. ಅದನ್ನು ಕೊಟ್ಟವರು ಆ ಪಕ್ಕದ ಜಮೀನಿನವರೇ. ಕುಂಟೆಯ ಲೆಕ್ಕ ತಿಳಿದಿದ್ದರೆ ಮೀನೂ ಉಳಿಯುತ್ತದೆ, ನೆರೆಹೊರೆಯೂ ಉಳಿಯುತ್ತದೆ. ಮೀನು ಸಾಕುವ ರೈತಬಾಂಧವರು ಮಳೆಗಾಲದ ಮೋಡ ಕವಿಯುವುದಕ್ಕೆ ಮುಂಚೆಯೇ ಒಂದು ಸಾರಿ ಅಂಗೈಯನ್ನು ನೀರಿಗೆ ಇಳಿಸಿ ನೋಡಿಕೊಳ್ಳಬೇಕೆಂದು ಪ್ರಾರ್ಥನೆ.